ಒಂದು ಬಾಲ್ದಿ, ನಲವತ್ತು ಸೆಕೆಂಡು

ಪೆಡ್ನೇಕರರ ಅಂಗಡಿಯ ಗೋಡೆಯಲ್ಲಿ
ಶವರುಗಳು ತಲೆ ತಗ್ಗಿಸಿ ನಿಂತಿದ್ದವು,
ಬೈಸಿಕೊಂಡ ಮಕ್ಕಳ ಸಾಲಿನಂತೆ.
ಊಟದ ತಟ್ಟೆಯಷ್ಟು ಅಗಲದ್ದೊಂದನ್ನು ಇಳಿಸಿ
"ಥೇಟ್ ಮಳೆ ಬಾಯೀ, ಮೈತುಂಬ ಮಳೆ" ಅಂದರು.
ಕಾರವಾರದವಳಿಗೆ ಮಳೆ ಮಾರುವ ಧೈರ್ಯ ನೋಡಿ!
ನನಗೆ ಬೇಕಾದದ್ದು ಮೇ ತಿಂಗಳಿಗೆ, ಅಂದೆ.

ಮೇ ತಿಂಗಳಲ್ಲಿ ಕೋಡಿಬಾಗದ ನಮ್ಮ ಬಾವಿಗೆ
ಕಾಳಿಯ ಬೆನ್ನೇರಿ ಸಮುದ್ರವೇ ಬರುತ್ತದೆ.
ಸುದ್ದಿ ಮೊದಲು ತಿಳಿಯುವುದು ಚಹಾಕ್ಕೆ.
ನಳದ ನೀರು ದಿನ ಬಿಟ್ಟು ದಿನ,
ಮುಕ್ಕಾಲು ತಾಸು, ಅದೂ ಕೋಳಿ ಕೂಗುವ ಮೊದಲು.
ಮೇಲೆ ಐನೂರು ಲೀಟರಿನ ಟಾಕಿ,
ಕೆಳಗೆ ಅತ್ತೆ, ನಾನು, ಮಗಳು ಪ್ರಣಾಲಿ,
ಹತ್ತು ದಿನಕ್ಕೊಮ್ಮೆ ದಾಮು.

ದಾಮು ಟ್ರಾಲರಿನ ಇಂಜಿನು ನೋಡುವವನು.
ಧಕ್ಕೆಯಿಂದ ಬಂದವನೇ ಬಚ್ಚಲು ಹೊಕ್ಕರೆ
ಅರ್ಧ ತಾಸು.
ನಾನು ಹೊರಗೆ ನಿಂತು ಕಿವಿಯಲ್ಲೇ ಟಾಕಿ ಅಳೆಯುತ್ತೇನೆ:
ಈಗ ಮುಕ್ಕಾಲು, ಈಗ ಅರ್ಧ, ಈಗ ತಳದ ಕೆಸರು.
ಒಮ್ಮೆ ಬಾಲ್ದಿ ಇಟ್ಟು ನೋಡಿಯೂ ಬಿಟ್ಟೆ.
ಹತ್ತು ಲೀಟರು, ನಲವತ್ತು ಸೆಕೆಂಡಿಗೆ ಕಂಠಮಟ್ಟ.
ಉಳಿದ ಗುಣಾಕಾರ ಮುಗಿಸದೆ ಪೆನ್ನು ಮುಚ್ಚಿದೆ.

ಲೆಕ್ಕ ನನ್ನ ಕಸುಬು. ಬೈತಖೋಲದ ಐಸ್ ಫ್ಯಾಕ್ಟರಿಯಲ್ಲಿ
ಯಾವ ಬೋಟಿಗೆ ಎಷ್ಟು ಗಡ್ಡೆ, ಬರೆಯುತ್ತೇನೆ.
ಮೀನಿನ ಮೈಮೇಲೆ ಟನ್ನುಗಟ್ಟಲೆ ಸಿಹಿನೀರು;
ಮೀನು ಹಿಡಿಯುವವನಿಗೆ
ದಿನಕ್ಕೆರಡು ತಂಬಿಗೆ.
ಆ ಕಾಲಮ್ಮು ನನ್ನ ಪುಸ್ತಕದಲ್ಲಿಲ್ಲ.

ಪೆಡ್ನೇಕರರು ಕೊನೆಗೆ ಒಳಗಿನಿಂದ ತಂದರು
ಹಿಡಿಯಷ್ಟೇ ಸಣ್ಣದೊಂದು. ಸೂಜಿಮೊನೆಯ ತೂತು.
ನೀರಿಗೆ ಗಾಳಿ ಬೆರೆಸಿ ಉಬ್ಬಿಸುತ್ತದಂತೆ,
ನಿಮಿಷಕ್ಕೆ ಆರೇ ಲೀಟರು.
ಹಾಲಿಗೆ ನೀರು ಬೆರೆಸುವುದು ಕೇಳಿದ್ದೆ,
ನೀರಿಗೆ ಗಾಳಿ ಬೆರೆಸಿ ಎಂಟುನೂರ ಎಪ್ಪತ್ತು!
ಇಪ್ಪತ್ತು ಬಿಡಿಸಿ ತಂದೆ.
ಇನಾಸ ಬಂದು ಬಿಳಿ ಟೇಪು ಸುತ್ತಿ ತಿರುಗಿಸಿದ,
"ಟಾಕಿ ಇನ್ನೊಂದಾಳು ಎತ್ತರ ಬೇಕಿತ್ತು" ಎಂದು
ಎಲ್ಲ ಮನೆಯಲ್ಲೂ ಹೇಳುವುದನ್ನೇ ಹೇಳಿ ಹೋದ.

ಭಾನುವಾರ ಬೋಟು ಬಂತು.
ನಾಲ್ಕು ನಿಮಿಷಕ್ಕೇ ಬಚ್ಚಲಿನ ಬಾಗಿಲು ತೆರೆಯಿತು.
ಗೆದ್ದೆ ಅಂದುಕೊಂಡೆ.
ಊಟಕ್ಕೆ ಕೂತವನು ತುತ್ತು ಕೈಯಲ್ಲೇ ಹಿಡಿದು
ಮಗಳು ಕರೆದರೂ ಕೇಳದವನಂತಿದ್ದ.
ರಾತ್ರಿ ಹೇಳಿದ: "ಉಪ್ಪು ಎರಡು ನಿಮಿಷಕ್ಕೆ ಹೋಗ್ತದೆ ಮಾರಾಯ್ತಿ.
ಇಂಜಿನ್ನು ಹೋಗೂದಿಲ್ಲ, ಕಿವಿಯಿಂದ.
ಹಳೇದು ಭರ್ರೋ ಅಂತಿತ್ತಲ್ಲ,
ಅದರ ಕೆಳಗೆ ನಿಂತರೆ
ಯಾವಾಗಲೋ ಒಂದು ಗಳಿಗೆಗೆ ಇದು ನಿಲ್ತಿತ್ತು."

ಹದಿನೇಳು ವರ್ಷ ನಾನು ಕೇಳಿದ್ದು ಬರೀ ಟಾಕಿ.

ಮತ್ತೆ ಪೆಡ್ನೇಕರರ ಅಂಗಡಿ.
ನೀರು ಕಮ್ಮಿ, ಸದ್ದು ಜಾಸ್ತಿ, ಅಂಥದ್ದು ಇದೆಯೇ?
ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.
ಒಂದೊಂದೇ ಡಬ್ಬಿ ತಿರುಗಿಸಿ ಓದಿದೆವು ಇಬ್ಬರೂ:
ಲೀಟರು ಬರೆದಿತ್ತು, ಕ್ರೋಮ್ ಬರೆದಿತ್ತು, ಐದು ವರ್ಷ ಗ್ಯಾರಂಟಿ.
ಸದ್ದಿನ ಬಗ್ಗೆ ಒಂದಕ್ಷರವಿಲ್ಲ.

ದಾರಿ ಸಿಕ್ಕಿದ್ದು ಅತ್ತೆಗೆ, ಅದೂ ಬೇರೇನೋ ಸಿಟ್ಟಿನಲ್ಲಿ.
"ಇಷ್ಟು ನೀರು ಮೋರಿಗೆ ಬಿಡ್ತೀರಲ್ಲ" ಎಂದು
ಮೀನು ಮಾರುತ್ತಿದ್ದ ಕಾಲದ ತಗಡಿನ ಟಬ್ಬು
ಶವರಿನ ಕೆಳಗೆ ನೂಕಿದರು.
ಸೂಜಿಹನಿ ತಗಡಿಗೆ ಬಿದ್ದದ್ದೇ ತಡ
ಮನೆಯೇ ಅದುರುವಂತೆ ಭರ್ರೋ!
ಟಬ್ಬಿನೊಳಗೆ ಕಾಲಿಟ್ಟು ಅವನು ನಿಂತ.
ನೀರೇರಿದಂತೆ ಸದ್ದು ತಗ್ಗಿತು,
ಗೊಗ್ಗರಾಯಿತು, ಗುಸುಗುಸುವಾಯಿತು,
ಆಮೇಲೆ ನಲ್ಲಿ ತಿರುಗಿಸಿದ ಕಿರುಗುಟ್ಟು.
ಒಂಬತ್ತು ನಿಮಿಷ. (ಹೌದು, ಎಣಿಸಿದೆ.)

ಟಬ್ಬಿನ ಒಡೆತನ ಈಗ ಅತ್ತೆಯದು.
ಬೋಟಿನಿಂದ ಇಳಿದ ದಿನದ ನೀರು ತೆಂಗಿಗೆ,
ಅದಕ್ಕೆ ಉಪ್ಪು ಒಗ್ಗುತ್ತದೆ;
ಮಾರನೆಯ ದಿನದ್ದು ಅಬ್ಬಲಿಗೆಗೆ.
ಎರಡನ್ನೂ ಅದಲುಬದಲು ಮಾಡಿದರೆ
ಮನೆಯಲ್ಲಿ ಯಾರಿಗೂ ಊಟವಿಲ್ಲ.